ಬ್ರೇಕಿನ ಡಬ್ಬಿಗೆ ಮಗ್ಗದ ಎಣ್ಣೆ

ನಮ್ಮ ಮನೆಯ ಬಿಳಿ ಕಾರಿನ ಬ್ರೇಕು ಕೆಡಿಸಿದವಳು ನಾನು. ನನ್ನ ತಮ್ಮ ಅಲ್ಲ. ಇದನ್ನು ಬಾಯಿಂದ ಹೇಳಿ ನೋಡಿದೆ, ಯಾರೂ ನಂಬಲಿಲ್ಲ. ಬರೆದರೆ ನಂಬುತ್ತಾರೆ ಎಂಬ ಭರವಸೆಯೂ ನನಗಿಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಅರ್ಧ. ಆದರೂ ಬರೆಯುತ್ತೇನೆ. ಹೇಳುವಾಗ ಮಂದಿ ನಡುವೆ ಬಾಯಿ ಹಾಕುತ್ತಾರೆ, ಕಾಗದ ಬಾಯಿ ಹಾಕುವುದಿಲ್ಲ.

ನನ್ನ ತವರು ಇಳಕಲ್. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರ ಮೇಲೆ ಅಪ್ಪ, ಇನ್ನೊಂದರ ಮೇಲೆ ಚಿಕ್ಕಪ್ಪ. ಅವ್ವ ರಾಟಿ ತಿರುವುತ್ತಿದ್ದಳು, ನಾನು ನೂಲು ಸುತ್ತುತ್ತಿದ್ದೆ. ದಸರೆಯ ಆಯುಧ ಪೂಜೆಗೆ ಹೂವು, ವಿಭೂತಿ, ಕಾಯಿ ಎಲ್ಲರ ಮನೆಯಲ್ಲೂ ಇರುತ್ತವೆ. ನಮ್ಮ ಮನೆಯಲ್ಲಿ ಅದಕ್ಕೂ ಮೊದಲು ಒಂದು ಕೆಲಸವಿತ್ತು. ಮನೆಯ ಹಿರಿಯ ಹೆಣ್ಣು ಉದ್ದ ಮೂಗಿನ ಎಣ್ಣೆ ಡಬ್ಬಿ ಹಿಡಿದುಕೊಂಡು, ದುಡಿಯುವ ಪ್ರತಿಯೊಂದು ಕಬ್ಬಿಣಕ್ಕೂ ಎಣ್ಣೆ ಕುಡಿಸಬೇಕು. ಮಗ್ಗದ ಕೀಲು, ರಾಟಿಯ ಕದಿರು, ಕತ್ತರಿ, ಬಾಗಿಲ ಚಿಲಕ, ಅಪ್ಪನ ಸೈಕಲ್ಲು, ಹೊಲಿಗೆ ಯಂತ್ರ. ಒಂದನ್ನೂ ಬಿಡುವಂತಿಲ್ಲ. ಬಿಟ್ಟದ್ದು ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇನ್ನೊಂದು ಕಟ್ಟಳೆಯೂ ಇತ್ತು. ಮೊದಲ ಹನಿ ಬಿದ್ದ ಮೇಲೆ ಕೊನೆಯ ಹನಿ ಬೀಳುವವರೆಗೆ ಎಣ್ಣೆ ಹಾಕುವವಳು ತುಟಿ ಬಿಚ್ಚಬಾರದು. ಯಾರು ಕರೆದರೂ ಓ ಅನ್ನಬಾರದು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಅವ್ವ ನನ್ನ ತಲೆಯ ಮೇಲೆ ಕುಟ್ಟಿದ್ದಳು. ಆಮೇಲೆ ನಾನು ಕೇಳಲಿಲ್ಲ.

ಅವ್ವ ಸತ್ತಳು, ಮಗ್ಗಗಳು ಹೋದವು. ನನ್ನ ತಮ್ಮ ಮಗ್ಗದ ಮೇಲೆ ಕೂರಲೇ ಇಲ್ಲ. ಹುನಗುಂದದಲ್ಲಿ ಒಬ್ಬರ ಕೈಕೆಳಗೆ ಗಾಡಿ ರಿಪೇರಿ ಕಲಿತು, ಅಲ್ಲಿಯೇ ಕೋರ್ಟಿನ ಹಿಂದಿನ ರಸ್ತೆಯಲ್ಲಿ ಸಣ್ಣ ಗ್ಯಾರೇಜು ಹಾಕಿದ. ಹೊಸ ಗಾಡಿಗಳು ಅವನ ಕಡೆಗೆ ಬರುವುದಿಲ್ಲ. ಹಳೆಯ ಗಾಡಿಗಳ ಬ್ರೇಕು ಅವನ ಕೆಲಸ. ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕು ಇರುವ ಕಾರುಗಳು ಇನ್ನೂ ಕೆಲವು ಮನೆಗಳಲ್ಲಿ ಇವೆ. ಡಾಕ್ಟರದ್ದು, ವಕೀಲರದ್ದು, ಗಿರಣಿ ಸಾಹುಕಾರರದ್ದು. ಅವರೆಲ್ಲ ಬಾಗಲಕೋಟೆಯ ದೊಡ್ಡ ಅಂಗಡಿಗಳನ್ನು ದಾಟಿ ಹುನಗುಂದಕ್ಕೆ ಬರುತ್ತಿದ್ದರು. ಬೋರ್ಡಿನ ಮೇಲೆ 'ಹಳೇ ಕಾರು, ಬ್ರೇಕ್ ಕೆಲಸ' ಎಂದು ಬರೆಸಿದ್ದ. ಆ ಬೋರ್ಡು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ. ಹೆಂಡತಿ ಬೇಗ ಹೋದಳು, ಮಕ್ಕಳಿಲ್ಲ.

ಇನ್ನು ನಮ್ಮ ಮನೆಯವರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನೌಕರಿಯುದ್ದಕ್ಕೂ ಸೈಕಲ್ಲು ತುಳಿದರು. ನಿವೃತ್ತಿಯಾದ ವರ್ಷ, ಬಾಗಲಕೋಟೆಯ ಬೇರೊಬ್ಬ ಡಾಕ್ಟರು ತೀರಿಕೊಂಡು ಅವರ ಮನೆಯವರು ಬಿಳಿ ಕಾರನ್ನು ಮಾರಲು ಇಟ್ಟಾಗ, ಇವರು ಕೊಂಡುಕೊಂಡರು. ದುಂಡು ಮೂತಿ, ದಪ್ಪ ಹೊಟ್ಟೆ, ನನ್ನ ಮದುವೆಯ ಕಾಲದ ಗಾಡಿ. ಅಂದಿನಿಂದ ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಇವರು ಕಾರಿನ ಸಾಹೇಬರು. ದಿನವೂ ಎದ್ದು ಅದರ ಮೈ ಒರೆಸುತ್ತಿದ್ದರು. ನನಗೆ ನಲವತ್ತೈದು ವರ್ಷದಲ್ಲಿ ಒಂದು ಸಲವೂ ಅಷ್ಟು ಮೆಲ್ಲಗೆ ಕೈ ಸೋಕಿಸಿದ್ದು ನೆನಪಿಲ್ಲ. ಇದನ್ನು ದುಃಖಕ್ಕೆ ಹೇಳುತ್ತಿಲ್ಲ, ಕಂಡದ್ದು ಹೇಳುತ್ತಿದ್ದೇನೆ. ಅವರು ಕೈ ಎತ್ತಿದವರೂ ಅಲ್ಲ. ಎತ್ತುತ್ತಿದ್ದದ್ದು ಮಾತು. "ನಾಕನೇತ್ತೆ ಕಲ್ತಾಕಿ, ನಿನಗೇನ್ ತಿಳೀತೈತಿ" ಎಂಬುದು ನಮ್ಮ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.

ಹೋದ ವರ್ಷದ ಹಿಂದಿನ ದಸರೆ. ಅದರ ಮುಂಚೆ ಶ್ರಾವಣದಲ್ಲಿ ತಮ್ಮ ಬಂದು, ಎರಡು ದಿನ ನಮ್ಮ ಅಂಗಳದಲ್ಲಿ ಕೂತು ಕಾರಿನ ಬ್ರೇಕಿಗೆ ಹೊಸ ರಬ್ಬರು ಹಾಕಿದ್ದ. ನಾಲ್ಕೂ ಡ್ರಮ್ ಬಿಚ್ಚಿ, ಒಳಗಿನ ಧೂಳು ತೆಗೆದು, ತುಕ್ಕು ತಿಕ್ಕಿ, ಸ್ಪ್ರಿಂಗು ಬದಲಿಸಿ, ಬಾನೆಟ್ಟಿನ ಒಳಗಿನ ಸಿಲಿಂಡರಿಗೂ ಹೊಸ ರಬ್ಬರು ಹಾಕಿ ಕೂಡಿಸಿದ್ದ. ಹೋಗುವಾಗ ನಮ್ಮ ಮನೆಯವರಿಗೆ ಬಾನೆಟ್ಟಿನ ಒಳಗಿನ ಒಂದು ಸಣ್ಣ ಡಬ್ಬಿ ತೋರಿಸಿ, "ಮಾಮಾ, ಇದರಾಗಿನ ಬ್ರೇಕ್ ಆಯಿಲ್ ಆಗಾಗ ನೋಡ್ಕೋತ ಇರ್ರಿ. ಇಳದ್ರ ನನಗೊಂದು ಫೋನ್ ಹಚ್ರಿ" ಎಂದು ಹೇಳಿದ್ದ.

ಆಯುಧ ಪೂಜೆಯ ಮುಂಜಾನೆ ಇವರು ಬಾನೆಟ್ಟು ಎತ್ತಿ, ಆ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಇಣುಕಿ ನೋಡಿ, ಮುಚ್ಚಳವನ್ನು ಪಕ್ಕಕ್ಕಿಟ್ಟು ಜಳಕಕ್ಕೆ ಹೋದರು. ನಾನು ಅವ್ವನ ಎಣ್ಣೆ ಡಬ್ಬಿ ಹಿಡಿದು ಹೊರಗೆ ಬಂದೆ. ತವರಿನಿಂದ ನಾನು ತಂದದ್ದು ಅದೊಂದೇ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನೇ ಅದರಲ್ಲಿ ತುಂಬಿಡುತ್ತೇನೆ, ಮಗ್ಗಕ್ಕೂ ಅದನ್ನೇ ಹಾಕುತ್ತಿದ್ದರು. ಚಿಲಕಗಳಾದವು, ಈಳಿಗೆಯಾಯಿತು, ಯಂತ್ರವಾಯಿತು. ಕಾರಿನ ಹತ್ತಿರ ಬಂದರೆ ಬಾಯಿ ತೆರೆದ ಡಬ್ಬಿಯೊಂದು ಕಂಡಿತು. ಒಳಗಿನದು ಒಂದು ಬೆರಳಷ್ಟು ಇಳಿದಿತ್ತು. ಕೇಳೋಣವೆಂದರೆ ಬಾಯಿ ಬಿಚ್ಚುವಂತಿಲ್ಲ. ಬಿಟ್ಟು ಹೋಗೋಣವೆಂದರೆ ಒಂದನ್ನೂ ಬಿಡುವಂತಿಲ್ಲ. ತುಂಬುವವರೆಗೆ ಸುರಿದೆ. ಮುಚ್ಚಳ ತಿರುವಿದೆ. ಮೇಲೆ ಒಂದು ಸೇವಂತಿಗೆ ಇಟ್ಟೆ.

ನಾನು ಮಾಡಿದ್ದು ಇಷ್ಟೇ.

ಎಂಟು ಹತ್ತು ದಿನದಲ್ಲಿ ಕಾರು ಭಾರವಾಯಿತು. ಇವರು ಪೇಟೆಗೆ ಹೋಗಿ ಬಂದರೆ ಗಾಲಿಯ ಹತ್ತಿರ ಹೋದವರಿಗೆ ಕಾವು ತಗಲುತ್ತಿತ್ತು. ಬ್ರೇಕಿನ ಪೆಡಲು ಕಾಲಿಗೆ ಕಲ್ಲಿನಂತಾಗಿದೆ ಎಂದು ಅವರೇ ಅಂದರು. ನಾನು ತಮ್ಮನಿಗೆ ಫೋನು ಹಚ್ಚಿದೆ.

"ಅಕ್ಕಾ, ಮಾಮಾಗ ಹೇಳು, ಗಾಡಿ ಹೊರಗ ತಗೀಬ್ಯಾಡ್ರಿ ಅಂತ. ಅಲ್ಲೇ ನಿಲ್ಲಸ್ರಿ. ನಾನ ನಾಳಿಗೆ ಬರ್ತೇನಿ" ಎಂದ ಅವನು.

ಇವರು ಕೇಳಿಸಿಕೊಂಡು ನಕ್ಕರು. "ಬ್ರೇಕ್ ಗಟ್ಟಿ ಇದ್ರ ಛಲೋನ ಅಲ್ಲೇನು? ಸಡ್ಲ ಇದ್ರ ಅಂಜಬೇಕು. ಮದವಿ ನಾಕ ದಿನ ಐತಿ, ಈಗ ಅವ ಬಂದು ಎಲ್ಲಾ ಬಿಚ್ಚಿ ಹರವಿದ್ರ ನಾ ಮದುಮಗನ್ನ ಹೆಗಲ ಮ್ಯಾಲ ಹೊತ್ಕೊಂಡ್ ಹೋಗ್ಲೇನು?"

ತಮ್ಮನಿಗೆ ಬರಬೇಡವೆಂದು ಹೇಳಿಸಿದರು. ಮದುವೆ ನಮ್ಮ ನಾದಿನಿಯ ಮಗನದು. ಬಾದಾಮಿಯ ಕಲ್ಯಾಣ ಮಂಟಪದಲ್ಲಿ. ಮದುಮಗನನ್ನು ಮುಂಜಾನೆ ಮಹಾಕೂಟಕ್ಕೆ ಕರೆದುಕೊಂಡು ಹೋಗಿ, ಹೊಂಡದ ನೀರು ತಲೆಗೆ ಚಿಮುಕಿಸಿ, ಶಿವನಿಗೆ ಕೈ ಮುಗಿಸಿ, ಬಿಳಿ ಕಾರಿನಲ್ಲಿ ಮಂಟಪದ ಬಾಗಿಲಿಗೆ ಇಳಿಸಬೇಕು ಎಂಬುದು ಇವರೇ ಹಾಕಿದ ಯೋಜನೆ. ಹೋಗುವಾಗ ಹೇಗೋ ಹೋದೆವು. ಬರುವಾಗ ಮುಂದೆ ಇವರು, ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ. ಹಿಂದೆ ನಾದಿನಿ ಮತ್ತು ನಾನು.

ಅರ್ಧ ದಾರಿಗೆ ನಾದಿನಿ ಮೂಗು ಮುಚ್ಚಿದಳು. "ಅಣ್ಣಾ, ಏನೋ ಸುಟ್ಟ ವಾಸ್ನಿ ಬರಾಕತ್ತೈತಲ್ಲ."

"ಹೊರಗಿಂದು. ಯಾರೋ ಹೊಲದಾಗ ಕಸ ಸುಡಾಕತ್ತಾರ."

ಹೊಲದಲ್ಲಿ ಕಸವೂ ಇಲ್ಲ, ಬೆಂಕಿಯೂ ಇಲ್ಲ. ಕಾರು ಕುಂಟುತ್ತ ಕುಂಟುತ್ತ ಒಂದು ಏರಿನಲ್ಲಿ ನಿಂತೇಬಿಟ್ಟಿತು. ಇಳಿದು ನೋಡಿದರೆ ನಾಲ್ಕೂ ಗಾಲಿಯ ಸುತ್ತ ಸಣ್ಣ ಹೊಗೆ. ಇವರು ಮತ್ತೆ ಶುರು ಮಾಡಿ, ಗೇರು ಹಾಕಿ, ಎಂಜಿನ್ನು ಕೂಗಿಸಿದರು. ಗಾಲಿಗಳು ನೆಲಕ್ಕೆ ಹೊಲಿದ ಹಾಗೆ ಇದ್ದವು. ಮಂಟಪದಿಂದ ಫೋನಿನ ಮೇಲೆ ಫೋನು. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರ ಬಂದಿತ್ತು.

ಮಹಾಕೂಟದಿಂದ ಭಕ್ತರನ್ನು ತುಂಬಿಕೊಂಡು ಬರುತ್ತಿದ್ದ ಮೂರು ಗಾಲಿಯ ಟಂಟಂ ಒಂದು ನಿಂತಿತು. ಅದರ ಚಾಲಕ ಕಾರಿನ ಮೇಲಿನ ಹೂವಿನ ಹಾರ ನೋಡಿ, "ಏನ್ರಿ ಸಾಹೇಬ್ರ, ಗಾಡಿಗೆ ಅತ್ತಿಮನಿಗೆ ಹೋಗಾಕ ಮನಸ್ಸಿಲ್ಲೇನ್ರಿ?" ಎಂದ. ಒಳಗಿದ್ದ ಹಲ್ಲಿಲ್ಲದ ಮುದುಕಿಯೊಬ್ಬಳು ಸರಿದು ಕೂತು, "ಬಾ ನನ್ನಪ್ಪಾ, ನನ್ನ ತೊಡಿ ಮ್ಯಾಲ ಕುಂದ್ರು. ನಿನ್ನ ಹೇಣ್ತಿಗೆ ಹೇಳೂದಿಲ್ಲ" ಎಂದು ಮದುಮಗನ ಕೈ ಹಿಡಿದು ಎಳೆದಳು. ಟಂಟಮ್ಮಿನಲ್ಲಿದ್ದವರೆಲ್ಲ ನಕ್ಕರು. ನಾದಿನಿ ಅಳುತ್ತ ಹತ್ತಿದಳು. ಮದುಮಗ ಬಾಸಿಂಗ ಬಾಗಿಸಿಕೊಂಡು ಆ ಮುದುಕಿಯ ಪಕ್ಕ ಅರ್ಧ ಸೀಟಿನಲ್ಲಿ ಹೋದ. ಇವರು ರಸ್ತೆಯ ನಡುವೆ ರೇಷ್ಮೆ ಅಂಗಿ ಹಾಕಿಕೊಂಡು ನಿಂತರು. ಅವರ ಮುಖ ನೋಡಿ ನನಗೆ ಕನಿಕರ ಬರಲಿಲ್ಲ. ತಮ್ಮ ನಾಲ್ಕು ದಿನ ಮೊದಲೇ ಹೇಳಿದ್ದನಲ್ಲ, ಎಂದುಕೊಂಡೆ.

ನನ್ನ ತಮ್ಮನೂ ಮದುವೆಗೆ ಬಂದಿದ್ದ. ಸುದ್ದಿ ಕೇಳಿ, ಸಾಮಾನಿನ ಚೀಲ ಹಾಕಿಕೊಂಡು ಮೋಟರ್ ಸೈಕಲ್ಲಿನ ಮೇಲೆ ಓಡಿ ಬಂದ. ಹೊಸ ಅಂಗಿಯ ತೋಳು ಮಡಚಿ, ಒಂದೊಂದು ಗಾಲಿಗೂ ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿದ, ಜ್ವರ ನೋಡುವ ಹಾಗೆ.

"ಒಂದ ಗಾಲಿ ಹಿಡದಿದ್ರ ಆ ಗಾಲ್ಯಾಗಿನ ಸ್ಪ್ರಿಂಗ್, ಇಲ್ಲಾ ತುಕ್ಕು ಅಂತಿದ್ದೆ. ಹಿಂದಿನ ಎರಡ ಹಿಡದಿದ್ರ ಹ್ಯಾಂಡ್ ಬ್ರೇಕಿನ ವಾಯರ್ ಅಂತಿದ್ದೆ" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ. "ನಾಕೂ ಹಿಡದಾವ ಅಂದ್ರ ದ್ವಾಷ ಕೆಳಗಿಲ್ಲ, ಮ್ಯಾಲ ಐತಿ."

ಮುಂದಿನ ಗಾಲಿಯ ಹಿಂದೆ ಕೈ ಹಾಕಿ, ಪಾನಾದಿಂದ ಆಯಿಲ್ ಹೊರಬಿಡುವ ಒಂದು ಸಣ್ಣ ನಿಪ್ಪಲ್ಲು ಸಡಿಲಿಸಿದ. ಒಳಗಿನದು ಪಿಚಕಾರಿಯಂತೆ ಹಾರಿತು. ಗಾಲಿಗಳು ಹಿಡಿತ ಬಿಟ್ಟು, ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ನಾನು ಹಿಂದಿನ ಗಾಲಿಗೆ ಕಲ್ಲು ಇಟ್ಟೆ. ಒಳಗೆ ಒತ್ತಡ ಸಿಕ್ಕಿಕೊಂಡಿದೆ, ತುಳಿದದ್ದು ಮರಳಿ ಹೋಗುತ್ತಿಲ್ಲ ಎಂದು ಅವನು ಹೇಳಿದ. ಆಮೇಲೆ ಬಾನೆಟ್ಟು ಎತ್ತಿ ಆ ಡಬ್ಬಿಯ ಮುಚ್ಚಳ ತೆಗೆದ. ಸಿರಿಂಜಿನಿಂದ ಸ್ವಲ್ಪ ಎಳೆದು, ಖಾಲಿ ನೀರಿನ ಬಾಟಲಿಗೆ ಬಿಟ್ಟು, ಬಿಸಿಲಿಗೆ ಹಿಡಿದ. ನಾನು ಪಕ್ಕದಲ್ಲೇ ಇದ್ದೆ. ಸಾರಿನ ಮೇಲೆ ಒಗ್ಗರಣೆ ನಿಂತ ಹಾಗೆ ಕೆಳಗೆ ಒಂದು ಬಣ್ಣ, ಮೇಲೆ ಒಂದು ಬಣ್ಣ ನಿಂತಿತ್ತು. ಅವನು ಬಾಟಲಿಯನ್ನು ಮೂಗಿಗೆ ಹಿಡಿದ. ನನ್ನ ಕಡೆ ಒಮ್ಮೆ ನೋಡಿದ. ರಸ್ತೆಯ ಬದಿಯ ಕಲ್ಲಿನ ಮೇಲೆ ಅದನ್ನು ಸುರಿದುಬಿಟ್ಟ.

"ಏನೈತೋ?" ಎಂದರು ಇವರು.

"ಏನಿಲ್ಲ ಮಾಮಾ. ನಡ್ರಿ, ಹ್ಯಾಂಡ್ ಬ್ರೇಕ್ ಮ್ಯಾಲ ಮೆಲ್ಲಕ ನಾನ ಒಯ್ತೇನಿ."

ನಾವು ಮಂಟಪ ಮುಟ್ಟಿದಾಗ ಅಕ್ಕಿಕಾಳು ಬಿದ್ದು ಮುಗಿದು, ಪಂಕ್ತಿಗೆ ಎಲೆ ಹಾಕುತ್ತಿದ್ದರು. ಒಳಗೆ ಕಾಲಿಟ್ಟರೆ ಯಾರೋ, "ಬಂತ್ರಪ್ಪೋ ಟಂಟಂ ಮಾಲಕ್ರ ಗಾಡಿ" ಎಂದು ಕೂಗಿದರು. ಇಡೀ ಪಂಕ್ತಿ ನಕ್ಕಿತು. ಇವರು ಆ ನಗೆಯನ್ನು ಹೊತ್ತು ನಿಲ್ಲಲಾರದೆ ತಿರುಗಿ ನನ್ನ ತಮ್ಮನ ಕೊರಳಪಟ್ಟಿ ಹಿಡಿದರು.

"ನೋಡ್ರಿ, ಇವಾ ನೋಡ್ರಿ ನನ್ನ ಮಾನ ಕಳದಾವ! ಎಲ್ಲೋ ಡುಪ್ಲಿಕೇಟ್ ರಬ್ಬರ್ ತಂದು ಹಾಕ್ಯಾನ. ಹೇಳೋ ಅಳ್ಯಾ, ಈ ಮಂದಿ ಮುಂದ ಹೇಳು. ತಪ್ಪು ಯಾರ್ದು?"

ನನ್ನ ತಮ್ಮ ಕೈಯ ಮಸಿಯನ್ನು ಒರೆಸಿಕೊಳ್ಳುತ್ತಿದ್ದ. ಕೊರಳಪಟ್ಟಿ ಬಿಡಿಸಿಕೊಳ್ಳಲೂ ಇಲ್ಲ. "ತಪ್ಪು ನಂದ ಮಾಮಾ. ರಬ್ಬರ್ ಸರಿ ಇದ್ದಿಲ್ಲ" ಎಂದ.

ಉಣ್ಣದೆ ಹೋದ. ಮದುವೆ ಮನೆಯಿಂದ ಉಣ್ಣದೆ ಹೋದವನನ್ನು ನಮ್ಮ ಕಡೆ ಯಾರಾದರೂ ಕೈ ಹಿಡಿದು ನಿಲ್ಲಿಸುತ್ತಾರೆ. ಅವತ್ತು ಯಾರೂ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ. ತಪ್ಪು ಅವನದೇ ಎಂದು ಆಗ ನಾನೂ ನಂಬಿದ್ದೆ. ಇಷ್ಟು ವರ್ಷ ಕೆಲಸ ಮಾಡಿದವನು ಹೀಗೆ ಮಾಡಿದನಲ್ಲ ಎಂದು ಸಿಟ್ಟಿನಿಂದಲೇ ಹೋಳಿಗೆ ತಿಂದೆ.

ಮರುವಾರ ಇವರು ಕಾರನ್ನು ಬಾಗಲಕೋಟೆಯ ಒಂದು ದೊಡ್ಡ ಅಂಗಡಿಗೆ ಒಯ್ದರು. ನನಗೆ ದವಾಖಾನೆಯ ಕೆಲಸವಿತ್ತು, ಜೊತೆಗೆ ಹೋಗಿದ್ದೆ. ಅಂಗಡಿಯವನು ಬಾನೆಟ್ಟಿನ ಒಳಗಿನ, ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರು ಬಿಚ್ಚಿ, ರಬ್ಬರುಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟ.

"ಇಲ್ನೋಡ್ರಿ ಸಾಹೇಬ್ರ. ಕಡ್ಲಿ ನೆನಿ ಹಾಕಿದಂಗ ಉಬ್ಬ್ಯಾವ. ಇವು ಉಬ್ಬಿ, ಆಯಿಲ್ ವಾಪಸ್ ಬರೂ ತೂತು ಮುಚ್ಚಿಬಿಟ್ಟಾವ. ನೀವು ಬ್ರೇಕ್ ತುಳದ್ರಿ ಅಂದ್ರ ಹಿಡೀತೈತಿ, ಬಿಡೂದಿಲ್ಲ. ರಬ್ಬರ್ ಒರಿಜಿನಲ್ ಅದಾವ್ರಿ. ಯಾರೋ ಇದರಾಗ ಬ್ಯಾರೆ ಎಣ್ಣಿ ಹಾಕ್ಯಾರ."

"ಮತ್ಯಾರು, ಅವನ ಹಾಕಿರ್ತಾನ. ಅವನ ಕೈ ಬಿಟ್ರ ಬ್ಯಾರೆ ಕೈ ಇದಕ್ಕ ಹತ್ತಿಲ್ಲ" ಎಂದರು ಇವರು.

ಅಂಗಡಿಯವನು ಒಂದು ರಬ್ಬರನ್ನು ನನ್ನ ಕಡೆಗೂ ಚಾಚಿದ. ನಾನು ಅದನ್ನು ಹಿಡಿದು ಮೂಗಿಗೆ ತಂದೆ. ನಮ್ಮ ಇಳಕಲ್ಲಿನ ಮನೆಯ ನಡುಮನೆಯ ವಾಸನೆ. ಮಗ್ಗದ ಎಣ್ಣೆ. ಬಾಯಿ ತೆರೆದ ಡಬ್ಬಿ, ಸೇವಂತಿಗೆ ಹೂವು, ಬಿಸಿಲಿಗೆ ಹಿಡಿದ ಬಾಟಲಿ, ತಮ್ಮ ನೋಡಿದ ನೋಟ, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಆ ಎಣ್ಣೆಯ ವಾಸನೆಯಲ್ಲೇ ಹುಟ್ಟಿ ಬೆಳೆದವನು ಅವನು. ಮೂಗಿಗೆ ಹಿಡಿದ ಕೂಡಲೇ ಅವನಿಗೆ ತಿಳಿದಿತ್ತು.

ರಿಪೇರಿ ಮುಗಿಸಿಕೊಂಡು ಬರುವ ದಾರಿಯಲ್ಲಿ ಇವರಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಆ ಎಣ್ಣಿ ಹಾಕಿದಾಕಿ ನಾ. ಆಯುಧ ಪೂಜಿ ದಿನ ಹಾಕೇನಿ. ನನ್ನ ತಮ್ಮಂದು ತಪ್ಪಿಲ್ಲ."

ಇವರು ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೆರಳಿನಿಂದ ಸ್ಟೀರಿಂಗಿನ ಧೂಳು ಒರೆಸಿದರು. ಆಮೇಲೆ ಕಚೇರಿಯ ದನಿಯಲ್ಲಿ ಹೇಳಿದರು.

"ಈ ಮಾತು ಇಲ್ಲೇ ಇರ್ಲಿ."

"ಯಾಕ? ನಾಕ ಮಂದ್ಯಾಗ ಅವನ ಕೊಳ್ಳಪಟ್ಟಿ ಹಿಡದೀರಿ. ನಾಕ ಮಂದ್ಯಾಗ ಹೇಳ್ರಿ, ತಪ್ಪಾತು ಅಂತ."

"ಹೇಳಿ? ಗಂಡ ನೋಡ್ಲಿಲ್ಲ, ಹೇಣ್ತಿ ಬ್ರೇಕಿನಾಗ ಪೂಜಿ ಎಣ್ಣಿ ಸುರದ್ಲು ಅಂತ ಮಂದಿ ನಗ್ಲೇನು? ತಪ್ಪು ನಂದ ಅಂತ ಅವನ ಒಪ್ಪ್ಯಾನ. ನಾ ಏನ್ ಹೊಡದು ಒಪ್ಪಿಸಿಲ್ಲ. ಆ ಫೈಲ್ ಮುಗದೈತಿ."

ಕಾರು ಶುರು ಮಾಡಿದರು. ಬ್ರೇಕು ಈಗ ಚೆನ್ನಾಗಿ ಹಿಡಿಯುತ್ತಿತ್ತು, ಚೆನ್ನಾಗಿ ಬಿಡುತ್ತಿತ್ತು. ಮನೆಯವರೆಗೂ ಅದನ್ನೇ ಮೂರು ಸಲ ಹೇಳಿದರು.

ಮರುದಿನ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ನನ್ನ ತಮ್ಮ ಗ್ಯಾರೇಜಿನ ಮುಂದೆ ಸ್ಕೂಟರೊಂದರ ಗಾಲಿ ಬಿಚ್ಚುತ್ತಿದ್ದ. ಕೂರಲು ಡಬ್ಬ ತೋರಿಸಿದ. ನಾನು ಕೂರಲಿಲ್ಲ.

"ನಿನಗ ಅವತ್ತ ಗೊತ್ತಾಗಿತ್ತಲ್ಲ?"

"ಹೂಂ."

"ಮತ್ಯಾಕ ಬಾಯಿ ಮುಚ್ಕೊಂಡಿ?"

"ಬಾಯಿ ತಗದಿದ್ರ ಮಾಮಾ ಅಷ್ಟು ಮಂದ್ಯಾಗ ನಿನ್ನ ಏನ್ ಅಂತಿದ್ರು, ಗೊತ್ತಿಲ್ಲೇನ್ ನಿನಗ?"

"ಅಂದ್ರ ಅನ್ಲಿ! ನಲವತ್ತೈದ ವರ್ಷ ಅನ್ನಿಸ್ಕೊಂಡೇನಿ. ನನಗ ಮೈ ಗಟ್ಟಿ ಐತಿ. ನನ್ನ ತಪ್ಪು ಹೊರಾಕ ನಿನಗ ಯಾರು ಹೇಳಿದ್ರು?"

ಅವನು ನಟ್ಟು ತಿರುವುತ್ತಲೇ ಇದ್ದ. "ಎಂಟ ದಿನಕ್ಕ ಮರೀತಾರ ಅನ್ಕೊಂಡೆ ಅಕ್ಕಾ."

ಎಂಟು ದಿನಕ್ಕೆ ಮರೆಯಲಿಲ್ಲ. ನಮ್ಮ ಮನೆಯವರು ಮರೆಯಲು ಬಿಡಲಿಲ್ಲ. ಯಾವ ಮದುವೆಗೆ ಹೋದರೂ, ಯಾವ ಕಟ್ಟೆಗೆ ಕೂತರೂ, ಕಾರಿನ ಮಾತು ಬಂದರೆ ನನ್ನ ತಮ್ಮನ ಡುಪ್ಲಿಕೇಟ್ ರಬ್ಬರಿನ ಮಾತೂ ಬರುತ್ತಿತ್ತು. ನಿಜ ತಿಳಿದ ಮೇಲೆ ಇನ್ನೂ ಜೋರಾಗಿ ಹೇಳತೊಡಗಿದರು. ಬೀಗರು ಬೀಗರಿಗೆ ಹೇಳಿದರು. ಬಾಗಲಕೋಟೆಯಿಂದ ಹುನಗುಂದದವರೆಗೆ ತಮ್ಮನಿಗೆ 'ಮದುಮಗನ್ನ ಟಂಟಂ ಹತ್ತಿಸಿದಾವ' ಎಂದು ಹೆಸರು ಬಿತ್ತು. ಡಾಕ್ಟರ ಮನೆಯ ಕಾರು ಬರುವುದು ನಿಂತಿತು. ವಕೀಲರು ಎದುರಿಗೆ ಸಿಕ್ಕಾಗ ನಕ್ಕು, ಗಾಡಿಯನ್ನು ಬೇರೆ ಕಡೆ ಒಯ್ದರು. ಗಿರಣಿ ಸಾಹುಕಾರರು ಮಾತ್ರ ಒಂದು ಸಲ ಬಂದರಂತೆ. "ರಬ್ಬರ್ ನಾವ ತರ್ತೇವಿ, ನೀ ಹಾಕಷ್ಟ" ಎಂದರಂತೆ. ತಮ್ಮ ಹಾಕಿ ಕೊಟ್ಟ. ಆಮೇಲೆ ಅವರೂ ಬರಲಿಲ್ಲ.

ನಾನು ಕಾಯುತ್ತಿದ್ದೆ. ಮದುವೆಗೆ ಬಂದ ಮಂದಿಯೇ ಮತ್ತೆ ಒಂದು ಕಡೆ ಕೂಡಬೇಕಿತ್ತು. ಮುಂದಿನ ವರ್ಷ ನಾದಿನಿಯ ಸೊಸೆಗೆ ಕುಬುಸ ಮಾಡಿದರು. ಏಳನೆಯ ತಿಂಗಳು, ಹಸಿರು ಸೀರೆ, ಹಸಿರು ಬಳೆ, ಬುತ್ತಿಯ ಸಾಲು. ಅದೇ ಮಂದಿ. ಊಟಕ್ಕೆ ಕೂತಾಗ ಯಾರೋ ಮತ್ತೆ ಟಂಟಮ್ಮಿನ ಮಾತು ತೆಗೆದರು. ಬಸುರಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಎಲೆಯಿಂದ ಎದ್ದು ನಿಂತೆ.

"ಕೇಳ್ರಿ ಎಲ್ಲಾರೂ. ಆ ಬ್ರೇಕ್ ಕೆಡಿಸಿದಾಕಿ ನಾ. ಆಯುಧ ಪೂಜಿ ದಿನ ಮಗ್ಗದ ಎಣ್ಣಿ ಹಾಕಿದ್ದೆ. ನನ್ನ ತಮ್ಮ ಹಾಕಿದ ರಬ್ಬರ್ ಖರೇದು. ಅವ ಸುಳ್ಳ ಒಪ್ಕೊಂಡ."

ನಾದಿನಿ ನನ್ನ ಸೆರಗು ಜಗ್ಗಿ ಕೂಡಿಸಿದಳು. "ಕುಂದ್ರು ವೈನೀ. ಒಡಹುಟ್ಟಿದಾಕಿ ಅಲ್ಲೇನು, ಕರಳು ಕೇಳ್ತೈತೇನ್?"

"ಕರಳಿಂದಲ್ಲ, ಖರೇ ಹೇಳಾಕತ್ತೇನಿ."

"ಇರ್ಲಿ ಬಿಡವ್ವಾ. ನಮ್ಮ ತಮ್ಮಗಾಗಿದ್ರ ನಾವೂ ಹಿಂಗ ಹೇಳ್ತಿದ್ವಿ" ಎಂದಳು ಎದುರು ಸಾಲಿನವಳೊಬ್ಬಳು. ಇನ್ನೊಬ್ಬಳು, "ಇಂಥಾ ಅಕ್ಕ ಎಲ್ಲಾರಿಗೂ ಸಿಗಬೇಕ್ ನೋಡ್ರಿ" ಎಂದು ನನ್ನ ಎಲೆಗೆ ಇನ್ನೊಂದು ಕರಚಿಕಾಯಿ ಹಾಕಿಸಿದಳು.

ಇವರನ್ನು ನೋಡಿದೆ. ಗಂಡಸರ ಸಾಲಿನಲ್ಲಿ ಕೂತಿದ್ದರು. ಅವರೊಂದು ಮಾತು ಹೇಳಿದ್ದರೆ ಸಾಕಾಗಿತ್ತು. ಪಕ್ಕದವರು ಅವರನ್ನು ಏನೋ ಕೇಳಿದರು. ಇವರು ತಲೆ ಅಲ್ಲಾಡಿಸಿ, "ತವರಿನ ಮಾತು ಬಂದ್ರ ಹೆಣ್ಮಕ್ಳಿಗೆ ಹಿಂಗ ನೋಡ್ರಿ" ಎಂದು ಅನ್ನಕ್ಕೆ ಸಾರು ಕಲಸಿಕೊಂಡರು.

ನಾನು ಅವನ ಅಕ್ಕ ಅಲ್ಲದಿದ್ದರೆ ನಂಬುತ್ತಿದ್ದರು. ಓಣಿಯ ಯಾವಳೋ ಹೆಂಗಸು ಎದ್ದು ನಾನು ಎಣ್ಣೆ ಹಾಕಿದೆ ಎಂದಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದರು. ಅಕ್ಕ ಹೇಳಿದ್ದಕ್ಕೆ ಅದು ಒಡಹುಟ್ಟಿದವಳ ಮಮತೆಯಾಯಿತು, ಕರಚಿಕಾಯಿಯಾಯಿತು. ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದರು.

ಅದಾಗಿ ಹದಿನೈದು ದಿನಕ್ಕೆ ಮತ್ತೆ ಹುನಗುಂದಕ್ಕೆ ಹೋದೆ. ತಮ್ಮ ಚಹಾ ತರಿಸಿದ, ಕೊಟ್ಟ. ಮುಖ ಕೊಡಲಿಲ್ಲ. ಚಹಾ ಮುಗಿದ ಮೇಲೆ ಹೇಳಿದ.

"ಕುಬುಸದಾಗ ಮಾತಾಡಿದಿಯಂತಲ್ಲ."

"ಮಾತಾಡೇನಿ. ನೀ ಆಡ್ಲಿಲ್ಲ, ನಾ ಆಡಿದೆ."

"ಅರ್ಧಾ ಮಂದಿ ಮರತಿದ್ರು ಅಕ್ಕಾ. ನೀ ಎದ್ದು ನಿಂತು ಎಲ್ಲಾರಿಗೂ ನೆನಪ ಮಾಡಿ ಕೊಟ್ಟಿ. ಮೊನ್ನಿ ಪೇಟ್ಯಾಗ ಒಬ್ಬಾವ ಕೇಳ್ತಾನ, ಏನೋ, ಅಕ್ಕನ್ನ ಕಳಿಸಿ ಹೇಳಸ್ತೀಯಂತಲ್ಲ ಅಂತ."

ನಾನು ಖಾಲಿ ಗ್ಲಾಸನ್ನು ಡಬ್ಬದ ಮೇಲೆ ಇಟ್ಟೆ.

ಅಷ್ಟರಲ್ಲಿ ತಿಳಿ ನೀಲಿ ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಇಳಿದವರು ದೂರದ ಊರಿನವರು. ಕೋರ್ಟಿನ ಕೆಲಸಕ್ಕೆ ಬಂದಿದ್ದರು. ನಮ್ಮ ಕಥೆ ಯಾವುದೂ ಅವರಿಗೆ ಗೊತ್ತಿರುವ ಹಾಗೆ ಕಾಣಲಿಲ್ಲ. "ಬೋರ್ಡ್ ನೋಡಿ ನಿಂತೆ. ಎಡಗಡೆ ಮುಂದಿನ ಗಾಲಿ ಬಿಸಿ ಆಗ್ತೈತ್ರಿ. ಸ್ವಲ್ಪ ನೋಡ್ತೀರೇನ್ರಿ?" ಎಂದರು.

ತಮ್ಮ ಎದ್ದು ಹೋದ. ಅವನು ಯೋಚಿಸುವ ಮೊದಲೇ ಅವನ ಕೈ ಆ ಗಾಲಿಯ ಹತ್ತಿರ ಹೋಗಿತ್ತು. ಒಂದ ಗಾಲಿ, ಸ್ಪ್ರಿಂಗ್ ಇಲ್ಲಾ ತುಕ್ಕು. ಅಷ್ಟು ನನಗೂ ತಿಳಿದಿತ್ತು. ಅವನಿಗೆ ಅರ್ಧ ತಾಸಿನ ಕೆಲಸ. ಆದರೆ ಅವನು ಕೈಯನ್ನು ಹಿಂದಕ್ಕೆ ತೆಗೆದು ಅಂಗಿಗೆ ಒರೆಸಿಕೊಂಡ.

"ಬ್ರೇಕ್ ಕೆಲಸ ಬಿಟ್ಟೇನ್ರಿ. ಬೋರ್ಡ್ ತಗೀಬೇಕು, ಹಂಗ ಉಳದೈತಿ. ಬಾಗಲಕೋಟಿಗೆ ಹೋಗಿ ತೋರಸ್ರಿ."

ನನಗೆ ತಡೆಯಲಾಗಲಿಲ್ಲ. "ಬಿಟ್ಟಿಲ್ರಿ! ಈ ಸುತ್ತಿನಾಗ ಇವನಷ್ಟು ಬ್ರೇಕ್ ತಿಳದಾವ ಇನ್ನೊಬ್ಬಿಲ್ಲ. ಮಂದಿ ಸುಳ್ಳ ಹೆಸರಿಟ್ಟಾರ. ಮದುಮಗ ಕುಂತ ಗಾಡಿ ನಡು ದಾರ್ಯಾಗ ನಿಂತಿದ್ದು ಇವನಿಂದಲ್ಲ, ನನ್ನಿಂದ. ನಾ ಇವನ ಅಕ್ಕ, ನಾ ಹೇಳ್ತೇನಿ ಕೇಳ್ರಿ."

ಅವರು ನನ್ನನ್ನು ನೋಡಿದರು. ತಮ್ಮನನ್ನು ನೋಡಿದರು. ನೀಲಿ ಕಾರಿನ ಗಾಲಿ ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ ಸರಿದು, ಬಾಗಿಲಿನ ಮೇಲೆ ಕೈ ಇಟ್ಟರು.

"ಇರ್ಲಿ ಬಿಡ್ರಿ ಅಮ್ಮಾ. ಹೆಂಗೂ ಬಾಗಲಕೋಟಿಗೆ ಹೊಂಟೇನಿ. ಅಲ್ಲೇ ತೋರಸ್ತೇನಿ."

ಕಾರು ಹೋಯಿತು. ತಮ್ಮ ಬಂದು ಚಹಾದ ಎರಡು ಗ್ಲಾಸುಗಳನ್ನು ಒಂದರೊಳಗೊಂದು ಇಟ್ಟ.

"ಅಕ್ಕಾ, ನಿನ್ನ ಬಸ್ಸಿಗೆ ಹೊತ್ತಾತು ನೋಡು."

ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅದು ಅವನಿಗೂ ಗೊತ್ತಿತ್ತು. ನಾನು ಚೀಲ ಎತ್ತಿಕೊಂಡು ಸ್ಟ್ಯಾಂಡಿನ ಕಡೆಗೆ ನಡೆದೆ.